ಹೆಸರಿಲ್ಲದೆ ಬರೆಯಬೇಕಿದ್ದವಳು

ಗಂಡನ ಸಿಟ್ಟಿಗೆ ಹೆದರಿ ಬದುಕುವ ಹೆಂಗಸರ ಬಗ್ಗೆ ನಾನು ಬ್ಲಾಗಿನಲ್ಲಿ ಬರೆದಿದ್ದೆ. ಅದನ್ನು ಓದಿದ ಸಿದ್ದಾಪುರದ ಕಡೆಯ ಒಬ್ಬಳು ಶಿರಸಿಯ ನಮ್ಮ ಮನೆಗೇ ಬಂದಳು. ಪ್ರತಿಕ್ರಿಯೆ ಬರೆಯಲು ಹೋದರೆ ನೋಂದಣಿಯೇ ಆಗುತ್ತಿಲ್ಲವಂತೆ. ಕುರ್ಚಿಯ ತುದಿಯಲ್ಲಿ ಕೂತು, ಬಾಗಿಲ ಕಡೆ ನೋಡುತ್ತ, ಒಂದೇ ಮಾತು ಕೇಳುತ್ತಿದ್ದಳು: “ಅಕ್ಕಾ, ಹೆಸ್ರು ಕಾಣ್ತಿಲ್ಲೆ ಅಲ್ದಾ?”

“ಕಾಣ್ತಿಲ್ಲೆ, ಹೆದ್ರಡ,” ಎಂದು ನೋಂದಣಿಗೆ ಅವಳ ಇಮೇಲ್ ವಿಳಾಸ ಹಾಕಿದೆ. ನೋಂದಣಿಯ ಕೋಡ್ ಬರುವ ಆ ಇಮೇಲ್ ಅವಳ ಗಂಡನ ಮೊಬೈಲಿನಲ್ಲೂ ತೆರೆದುಕೊಳ್ಳುತ್ತದೆಂದು ಇಬ್ಬರಿಗೂ ಗೊತ್ತಿರಲಿಲ್ಲ. ತಕ್ಷಣ ಅವಳ ಫೋನ್ ರಿಂಗಾಯಿತು.

“ಎಂತದೋ ಕೋಡ್ ಬಂಜು. ಎಲ್ಲಿದ್ದೆ?” ಗಂಡನ ದನಿ ನನಗೂ ಕೇಳಿಸಿತು.

“ಆಸ್ಪತ್ರೆಲಿ ಚೀಟಿ ಮಾಡ್ಸ್ತಾ ಇದ್ದಿ. ಅಲ್ಲಿಂದೇ ಬಂದಿಕ್ಕು.”

ಕೋಡ್ ಆಸ್ಪತ್ರೆಯಿಂದಲೇ ಬಂದಿರಬೇಕು ಎನ್ನುವಾಗ ಅವಳ ದನಿ ಸ್ವಲ್ಪವೂ ನಡುಗಲಿಲ್ಲ. ಫೋನ್ ಇಟ್ಟವಳೇ ಎದ್ದು ಚೀಲ ಹೆಗಲಿಗೇರಿಸಿಕೊಂಡಳು. ಕೊಟ್ಟ ನೀರನ್ನೂ ಕುಡಿಯದೆ ಬಸ್ಸಿಗೆ ಓಡಿದಳು.

ಅಂದೇ ನೋಂದಣಿಯ ನಿಯಮ ತೆಗೆದುಹಾಕಿದೆ. ಆಮೇಲೆ ಬಂದ ಪ್ರತಿಕ್ರಿಯೆಗಳನ್ನೆಲ್ಲ, ಅವಳಿಗೇನಾಯಿತೋ ಎಂದು ಹೆದರುತ್ತಲೇ ತೆರೆಯುತ್ತಿದ್ದೆ. ಮಳೆಗಾಲ ಮುಗಿಯುವ ಹೊತ್ತಿಗೆ ಹೆಸರಿಲ್ಲದ ಒಂದು ಸಾಲು ಬಂತು: “ಅಕ್ಕಾ, ಮಗಳ ಕರ್ಕಂಡು ಯಲ್ಲಾಪುರದ ತಂಗಿ ಮನೆಗೆ ಬಂದಿದ್ದಿ.”

ಎರಡು ಸಲ ಓದಿದೆ. ಅದರಲ್ಲಿ ಊರಿನ ಹೆಸರಿತ್ತು; ಬೇರೆ ಯಾರ ಕಣ್ಣಿಗೂ ಬೀಳುವ ಮೊದಲೇ ಅಳಿಸಿಬಿಟ್ಟೆ.