ಕಾವು ಬರುವ ತನಕ ಒಂದು ಪುಟ

ಮಿಸ್ತ್ರಿ ಕಾಕಾರ ಎಡಗೈ ಹೆಬ್ಬೆರಳಿನ ತುದಿಯಲ್ಲಿ ಸುಟ್ಟು ಗಟ್ಟಿಯಾದ ಕಪ್ಪು ಕಲೆಯೊಂದಿತ್ತು. ಪುಸ್ತಕದ ಹಾಳೆ ತಿರುವಲು ಅದೇ ಬೆರಳನ್ನು ಬಳಸುತ್ತಿದ್ದರು. ಒರಟು ಚರ್ಮ ಕಾಗದಕ್ಕೆ ತಾಗಿ ಸರ್ರೆಂದು ಸಣ್ಣ ಸದ್ದಾಗುತ್ತಿತ್ತು. ಎಡಗೈ ಎಂದು ಬರೆದಿದ್ದೇನೆ; ಅಪ್ಪ ಬಲಗೈ ಅನ್ನುತ್ತಾರೆ. ನಾನು ಜಮಖಂಡಿಯ ಕಾಲೇಜೊಂದರಲ್ಲಿ ಇತಿಹಾಸ ಪಾಠ ಮಾಡುವವನು, ಸಾಕ್ಷ್ಯವಿಲ್ಲದೆ ಏನನ್ನೂ ನಂಬಬೇಡಿ ಎಂದು ಹುಡುಗರಿಗೆ ಹೇಳುವವನು. ಎರಡೇ ವರ್ಷದ ಹಿಂದಿನ ಒಂದು ಬೆರಳಿನ ವಿಷಯದಲ್ಲಿ ನನ್ನ ಸಾಕ್ಷ್ಯವೇ ನಿಲ್ಲುತ್ತಿಲ್ಲ. ಆ ಸದ್ದು ಮಾತ್ರ ಖಂಡಿತ ಇತ್ತು.

ಅವರು ನಮ್ಮೂರಿನ ಟಿವಿ ಮಿಸ್ತ್ರಿ. ರಬಕವಿಯಲ್ಲಿ ನೂಲಿನ ಅಂಗಡಿಗೆ ಹತ್ತಿಕೊಂಡಂತೆ ಅವರ ಸಣ್ಣ ಅಂಗಡಿ. ಹಿಂದೆ ಹಳೆಯ ಡಬ್ಬಿ ಟಿವಿಗಳ ರಾಶಿ, ಮುಂದೆ ಗೋಡೆಗೆ ಆನಿಸಿಟ್ಟ ಚಪ್ಪಟೆ ಟಿವಿಗಳು. ಅವರ ಮನೆಯಲ್ಲಿ ಮಾತ್ರ ಟಿವಿ ಇರಲಿಲ್ಲ. ಯಾರಾದರೂ ಕೇಳಿದರೆ, "ಪೇಢೆ ಮಾರಾಂವ ಮನ್ಯಾಗೂ ಪೇಢೆನ ತಿಂತಾನೇನ್ರಿ?" ಅನ್ನುತ್ತಿದ್ದರು. ರಿಪೇರಿಯಾದ ಟಿವಿಯನ್ನು ಪರೀಕ್ಷಿಸುವಾಗಲೂ ದನಿ ಬಂದ್ ಮಾಡಿಯೇ ಇಡುತ್ತಿದ್ದರು. "ನಾ ನೋಡೂದು ಗೆರಿ, ಬಣ್ಣ. ಅವರ ಜಗಳ ತಗೊಂಡು ನಾ ಏನ್ ಮಾಡ್ಲಿ?"

ಅವರ ಓದು ವಿಚಿತ್ರವಾಗಿತ್ತು. ಬೆಸುಗೆ ಹಾಕುವ ಐರನ್ನಿನ ಪ್ಲಗ್ ಚುಚ್ಚಿ, ಅದು ಕಾಯುವಷ್ಟು ಹೊತ್ತು ಪುಸ್ತಕ ತೆಗೆಯುತ್ತಿದ್ದರು. ಐರನ್ ಕಾದ ಕೂಡಲೇ ಕಿಸೆಯ ಟೆಸ್ಟರನ್ನು ಗುರುತಿಗೆ ಇಟ್ಟು ಮುಚ್ಚುತ್ತಿದ್ದರು. "ಕಾವು ಬರೂ ತನಕ ಒಂದು ಪುಟ. ಬಂದ ಮ್ಯಾಲೆ ಅರ್ಧಾ ಸಾಲಿನ್ಯಾಗಿದ್ರೂ ಬಿಡೂದು." ಹೀಗೆ ಓದಿದ ಪುಸ್ತಕಗಳಿಂದ ಒಂದು ಕಪಾಟು ತುಂಬಿತ್ತು. ಅವರ ಹೆಮ್ಮೆ ಮಾತ್ರ ಪುಸ್ತಕದ್ದಲ್ಲ, ಕೈಯದು. "ನನ್ನ ಅಂಗಡ್ಯಾಗಿಂದ ಒಂದು ಟಿವಿನೂ ಬಾಯಿ ಮುಚಗೊಂಡು ಹೊಳ್ಳಿ ಹೋಗಿಲ್ಲ."

ಆ ಹೆಮ್ಮೆಯನ್ನೇ ನಾನು ಅವರಿಂದ ಕೇಳಿ ಪಡೆದೆ. ಕೇಳುವಾಗ ಅದು ಅಷ್ಟು ದೊಡ್ಡದೆಂದು ಅನಿಸಿರಲಿಲ್ಲ.

ಶುರುವಾದದ್ದು ತರಗತಿಯಲ್ಲಿ. "ಸರ್, ಇತ್ತೀಚೆಗೆ ಏನು ಓದಿದಿರಿ?" ಎಂದು ಒಬ್ಬ ವಿದ್ಯಾರ್ಥಿನಿ ಕೇಳಿದಳು. ಬಾಯಿಗೆ ಬಂದದ್ದು ನಾನು ವಿಶ್ವವಿದ್ಯಾಲಯದಲ್ಲಿದ್ದಾಗ ಓದಿದ ಪುಸ್ತಕದ ಹೆಸರು. ಆಮೇಲಿನ ಹನ್ನೆರಡು ವರ್ಷಗಳಲ್ಲಿ ಕೊಂಡ ಪುಸ್ತಕಗಳು ಬಹಳ, ಮುಗಿಸಿದ್ದು ಇಲ್ಲವೆನ್ನುವಷ್ಟು. ಸಂಜೆ ಮನೆಗೆ ಬಂದರೆ ಟಿವಿ. ಅವ್ವ ಹೋದ ಮೇಲೆ ಮನೆಯಲ್ಲಿ ಅಪ್ಪ ಮತ್ತು ನಾನು ಇಬ್ಬರೇ. ಅಪ್ಪ ಪವರ್‌ಲೂಮಿನ ಗದ್ದಲದಲ್ಲಿ ಜೀವನ ಕಳೆದು ಅರ್ಧ ಕಿವಿ ಕಳೆದುಕೊಂಡವರು. ಟಿವಿಯ ದನಿ ಓಣಿಗೆಲ್ಲ ಕೇಳಬೇಕು. ಅವರಿಗೆ ಬಂದ್ ಮಾಡು ಎನ್ನುವ ಧೈರ್ಯ ನನಗಿರಲಿಲ್ಲ. ಎದುರಿಗೆ ಕೂತು ನೋಡದೆ ಇರುವ ಗಟ್ಟಿತನವೂ ಇರಲಿಲ್ಲ.

ಒಂದು ಭಾನುವಾರ ಅಪ್ಪ ಹೊರಗೆ ಹೋದಾಗ ಟಿವಿಯನ್ನು ಆಟೊದಲ್ಲಿ ಹಾಕಿಕೊಂಡು ಮಿಸ್ತ್ರಿಯ ಅಂಗಡಿಗೆ ಒಯ್ದೆ. ಅವರು ಹಚ್ಚಿ ನೋಡಿದರು. ಚಿತ್ರ ಚೆನ್ನಾಗಿಯೇ ಬಂತು.

"ಏನಾಗೈತಿ ಇದಕ್ಕ?"

"ಏನೂ ಆಗಿಲ್ಲ ಕಾಕಾ. ಒಂದು ತಿಂಗಳು ನಿಮ್ಮಲ್ಲೆ ಇರಲಿ. ಪಾರ್ಟ್ ಬರಬೇಕು ಅಂತ ಅಪ್ಪಗ ಹೇಳ್ರಿ. ನನಗ ಓದೂದೈತಿ."

ಅವರು ನಕ್ಕರು. "ಓದೂದು ನಿನಗೈತಿ. ನಿಮ್ಮಪ್ಪನ ಟಿವಿ ಯಾಕ ಬಂದ್ ಮಾಡತೀಲೇ?"

ಅವರು ಟಿವಿ ಬಂದ್ ಮಾಡಿ ಗೋಡೆಗೆ ಆನಿಸಿಟ್ಟರು. "ಹೂಂ, ಇರಲಿ. ಆದ್ರ ತಿಂಗಳಂದ್ರ ತಿಂಗಳು. ಅವತ್ತ ನೀನ ನಿಮ್ಮಪ್ಪಗ ಖರೆ ಹೇಳಬೇಕು. ನನ್ನ ಕೈ ಮ್ಯಾಲೆ ಮಾತು ಬರಬಾರದು."

"ಹೇಳತೇನ್ರಿ" ಅಂದೆ. ಈ ಮಾತು ಮಾತ್ರ ನನಗೆ ಅಕ್ಷರ ಅಕ್ಷರ ನೆನಪಿದೆ. ಮರೆತಿದ್ದರೆ ಅನುಕೂಲವಾಗುತ್ತಿತ್ತು.

ಹಚ್ಚಿದರೆ ಟಿವಿ ಹತ್ತಲಿಲ್ಲ, ರಿಪೇರಿಗೆ ಕೊಟ್ಟೆ ಎಂದು ಅಪ್ಪನಿಗೆ ಹೇಳಿದೆ. ಮನೆ ಸುಮ್ಮನಾಯಿತು. ಆ ಮೌನದಲ್ಲಿ ನಾನು ಓದಿದ್ದು ಕಡಿಮೆ. ಅಲ್ಲಿಯವರೆಗೆ ಗಮನಕ್ಕೇ ಬಾರದಿದ್ದ ಪಕ್ಕದ ಓಣಿಯ ಮಗ್ಗದ ಸದ್ದು ಕಿವಿಗೆ ಬಡಿಯತೊಡಗಿತು. ಎರಡು ಪುಟ ಓದಿ ಏಳುತ್ತಿದ್ದೆ, ನೀರು ಕುಡಿಯುತ್ತಿದ್ದೆ, ಮೊಬೈಲ್ ನೋಡುತ್ತಿದ್ದೆ, ಮತ್ತೆ ಬಂದು ಅದೇ ಎರಡು ಪುಟ ಓದುತ್ತಿದ್ದೆ.

ಅಪ್ಪ ದಿನಾಲೂ ಮಿಸ್ತ್ರಿಯ ಅಂಗಡಿಗೆ ಹೋಗತೊಡಗಿದರು, ಜಗಳಕ್ಕೆ. ಒಂದು ದಿನ ನಾನೂ ಅಲ್ಲಿದ್ದೆ.

"ಏನೋ ಮಿಸ್ತ್ರಿ, ನಿನ್ನ ಪಾರ್ಟ್ ಹುಬ್ಬಳ್ಳಿಯಿಂದ ನಡಕೋತ ಬರಾಕತ್ತೈತೇನು?"

"ಬರತೈತಿ, ಕುಂದ್ರೋ ದೋಸ್ತಾ. ಐರನ್ ಕಾಯೂ ತನಕ ಇದೊಂದು ಪುಟ ಓದಿ ಹೇಳು. ನನ್ನ ಚಷ್ಮಾ ಸಿಗವಲ್ದು."

ಚಷ್ಮಾ ಅವರ ಹಣೆಯ ಮೇಲೆಯೇ ಇತ್ತು. ಅಪ್ಪ ಗೊಣಗುತ್ತಲೇ ಕೂತು, ಕಿವಿ ಮಂದವಾದವರ ದೊಡ್ಡ ದನಿಯಲ್ಲಿ ಓದಿದರು. ನೂಲಿನ ಅಂಗಡಿಯವರೂ ಇಣುಕಿದರು. ಮರುದಿನ ಮತ್ತೊಂದು ಪುಟ, ವಾರ ಕಳೆಯುವಷ್ಟರಲ್ಲಿ ದಿನಕ್ಕೆ ಹತ್ತಿಪ್ಪತ್ತು. ರಾತ್ರಿ ರೊಟ್ಟಿ ತಿನ್ನುತ್ತ ಅಪ್ಪ ನನಗೆ ಆ ಕಥೆ ಹೇಳುತ್ತಿದ್ದರು. ನಾನು ಒಂದು ಪುಸ್ತಕದಲ್ಲಿ ಹೆಣಗುತ್ತಿದ್ದಾಗ ಅವರು ಎರಡನೆಯದಕ್ಕೆ ಕೈ ಹಾಕಿದ್ದರು.

ಆದರೆ ಹೊರಗೆ ಅಪ್ಪನ ಮಾತು ಬೇರೆ ಇತ್ತು. ಚಹಾದ ಅಂಗಡಿಯಲ್ಲಿ, ಕ್ಷೌರದ ಅಂಗಡಿಯಲ್ಲಿ, ಅದೇ ದೊಡ್ಡ ದನಿಯಲ್ಲಿ: "ಮಿಸ್ತ್ರಿ ಕೈ ಹೋಗೈತ್ರಿ. ಒಂದು ಟಿವಿ ಸಲುವಾಗಿ ತಿಂಗಳಾತು. ಯಾರೂ ಕೊಡಬ್ಯಾಡ್ರಿ ಅಂವಗ."

ತಿಂಗಳು ತುಂಬಿದ ದಿನ ಅಂಗಡಿಗೆ ಹೋದೆ. ಇನ್ನೊಂದು ಹದಿನೈದು ದಿನ ಎಂದು ಕೇಳುವವನಿದ್ದೆ. ಸೀರೆ ವ್ಯಾಪಾರಿಯೊಬ್ಬರು ನಿಂತಿದ್ದರು. ಅವರ ಟಿವಿ ಬೆನ್ನು ಬಿಚ್ಚಿಕೊಂಡು ಮೇಜಿನ ಮೇಲಿತ್ತು. "ಇದ್ದಂಗ ಕೊಟ್ಟಬಿಡ್ರಿ. ಜಮಖಂಡ್ಯಾಗ ತೋರಸ್ತೇವಿ" ಅಂದರು. ಮಿಸ್ತ್ರಿ ಸ್ಕ್ರೂಗಳನ್ನೆಲ್ಲ ಕಾಗದದ ಪೊಟ್ಟಣದಲ್ಲಿ ಕಟ್ಟಿ ಅವರ ಕೈಗಿಟ್ಟರು. ಟಿವಿ ಆಟೊ ಏರಿತು. ಆಗ ನನ್ನ ಕಡೆ ತಿರುಗಿ ಕೇಳಿದರು:

"ತಮ್ಮಾ, ಇನ್ನ ಎಷ್ಟು ಪುಟ ಉಳದಾವು?"

"ನೂರಾ ಎಂಬತ್ತು."

"ಮುಗಸು."

ಈ ಎರಡು ಮಾತನ್ನು ಎಷ್ಟು ಸಲ ಕಿವಿಯಲ್ಲಿ ಹಾಯಿಸಿಕೊಂಡಿದ್ದೇನೋ ಲೆಕ್ಕವಿಲ್ಲ. ಒಮ್ಮೆ ಅದರಲ್ಲಿ ಅಕ್ಕರೆ ಕೇಳಿಸುತ್ತದೆ. ಒಮ್ಮೆ ಚುಚ್ಚು. ಒಮ್ಮೆ ಬರೀ ದಣಿವು. ಅವರ ಮುಖ ಹೇಗಿತ್ತು ಎಂದು ನೆನಪು ಮಾಡಿಕೊಳ್ಳಲು ಹೋದರೆ ಸ್ಕ್ರೂ ಕಟ್ಟುತ್ತಿದ್ದ ಕೈ ಮಾತ್ರ ಕಾಣುತ್ತದೆ. ಆ ನೂರಾ ಎಂಬತ್ತು ಪುಟಗಳನ್ನು ಆಮೇಲೆ ಓದಿ ಮುಗಿಸಿದೆ. ಅವುಗಳಲ್ಲಿ ಏನಿತ್ತು ಎಂದು ಕೇಳಿದರೆ ಈಗ ಹೇಳಲು ಬರುವುದಿಲ್ಲ.

ಮುಂದಿನ ವಾರ ಪರೀಕ್ಷೆಯ ಕೆಲಸಕ್ಕೆ ಮುಧೋಳಕ್ಕೆ ಹೋಗಿ ಆರು ದಿನ ಅಲ್ಲೇ ಉಳಿದೆ. ಮರಳಿ ಬಂದಾಗ ಓಣಿಯ ತಿರುವಿನಲ್ಲೇ ನಮ್ಮ ಟಿವಿ ಕೇಳಿಸಿತು. ಮಿಸ್ತ್ರಿಯೇ ತಂದು ಹಚ್ಚಿ ಹೋಗಿದ್ದರು. "ಪಾರ್ಟ್ ಬಂತಂತ. ತಡಾ ಆತು, ತಪ್ಪು ತಿಳ್ಕೋಬ್ಯಾಡ ಅಂದ" ಎಂದರು ಅಪ್ಪ. ಆಗಲೇ ಹೇಳಬಹುದಿತ್ತು. ದನಿ ಕಡಿಮೆ ಮಾಡಿ ಎರಡು ಮಾತು. ನಾಳೆ ಹೇಳಿದರಾಯಿತು ಎಂದುಕೊಂಡೆ.

ನಾಲ್ಕನೆಯ ದಿನ ಮಿಸ್ತ್ರಿ ಅಂಗಡಿಯಲ್ಲೇ ಎದೆ ಹಿಡಿದುಕೊಂಡು ಕುಸಿದರು. ಜಮಖಂಡಿಯ ಆಸ್ಪತ್ರೆ ಮುಟ್ಟುವ ಮೊದಲೇ ಎಲ್ಲ ಮುಗಿದಿತ್ತು.

ಮಣ್ಣು ಮುಗಿಸಿಕೊಂಡು ಬಂದು, ಸ್ನಾನ ಮಾಡಿ, ಅಪ್ಪ ಕಟ್ಟೆಯ ಮೇಲೆ ಕೂತರು. "ಛಲೋ ಮನಷ್ಯಾ ಇದ್ದ. ಕಡೀಕ ಕೈಯಷ್ಟ ಹೋಗಿತ್ತು ಅಂವಂದು" ಅಂದರು.

ಆಗ ಹೇಳಿದೆ. ಎಲ್ಲ ಹೇಳಿದೆ.

ಅಪ್ಪ ಬಾಗಿಲೊಳಗಿನ ಟಿವಿಯ ಕಡೆ ತಿರುಗಿದರು. "ಒಂದ ದಿನಾನೂ ಕೆಟ್ಟಿದ್ದಿಲ್ಲ?"

"ಇಲ್ಲ."

"ನಾ ಹೊರಗ ಏನೇನ್ ಅಂತೇನಿ ಅಂತ ಅಂವಗ ಗೊತ್ತಿತ್ತು?"

"ಗೊತ್ತಿತ್ತು."

ಗೂಟದ ಮೇಲಿನ ಟೊಪ್ಪಿಗೆ ತೆಗೆದು ತಲೆಗೆ ಇಟ್ಟುಕೊಂಡರು. "ಚಪ್ಪಲಿ ಹಾಕ್ಕೋ. ನಾ ಎಲ್ಲೆಲ್ಲಿ ಅಂದೇನಿ, ಅಲ್ಲೆಲ್ಲ ಹೋಗೂದೈತಿ."

ಮೊದಲು ಚಹಾದ ಅಂಗಡಿ. ಅಪ್ಪ ನಿಂತುಕೊಂಡೇ ಹೇಳಿದರು: "ಮಿಸ್ತ್ರಿ ಕೈ ಹೋಗೈತಿ ಅಂದಿದ್ನೆಲ್ಲ, ಅದು ಸುಳ್ಳರಿ. ನಮ್ಮ ಟಿವಿ ಕೆಟ್ಟಿದ್ದಿಲ್ಲ." ಯಾರೋ ಚಹಾದ ಬಸಿ ಕೆಳಗಿಟ್ಟರು. ಯಾಕೆ, ಏನು ಎಂದು ಕೇಳಿದವರಿಗೆ ಅಪ್ಪ ಮತ್ತೇನೂ ಹೇಳಲಿಲ್ಲ. ಕ್ಷೌರದ ಅಂಗಡಿಯಲ್ಲೂ ಅದೇ ಮಾತು, ನೂಲಿನ ಅಂಗಡಿಯಲ್ಲೂ ಅದೇ. ನನ್ನ ಹೆಸರು ಎಲ್ಲಿಯೂ ಎತ್ತಲಿಲ್ಲ. ನಾನು ಹಿಂದೆ ನಿಂತಿದ್ದೆ. ಪಕ್ಕದ ಮಿಸ್ತ್ರಿಯ ಅಂಗಡಿಯ ಶಟರ್ ಇಳಿದಿತ್ತು.

ಕೊನೆಗೆ ಸೀರೆ ವ್ಯಾಪಾರಿಯ ಅಂಗಡಿ. ಅಪ್ಪ ಮೆಟ್ಟಿಲ ಮೇಲೆಯೇ ನಿಂತರು, ಒಳಗೆ ಹೋಗಲಿಲ್ಲ.

"ಇಲ್ಲಿ ನೀ ಹೇಳು."

ನಾನು ಒಳಗೆ ಹೋದೆ. ವ್ಯಾಪಾರಿ ಮಡಚುತ್ತಿದ್ದ ಸೀರೆಯನ್ನು ಬಿಟ್ಟು ನನ್ನನ್ನು ನೋಡಿದರು. ನಮ್ಮ ಟಿವಿಯನ್ನು ನಾನೇ ಹೇಳಿ ಇಡಿಸಿದ್ದೆ, ಅದಕ್ಕೆ ಏನೂ ಆಗಿರಲಿಲ್ಲ, ನನ್ನ ಮಾತು ಉಳಿಸಲು ಮಿಸ್ತ್ರಿ ಸುಮ್ಮನಿದ್ದರು ಎಂದೆ.

ಅಪ್ಪ ಮೆಟ್ಟಿಲ ಮೇಲಿಂದ ಕಿವಿಗೆ ಕೈ ಹಚ್ಚಿದರು.

"ಜೋರ ಹೇಳಲೇ. ನನಗ ಕೇಳಸಲಿಲ್ಲ."

ಮತ್ತೊಮ್ಮೆ ಹೇಳಿದೆ.