ಹೊಟ್ಟೆನೋವಿಗೆ ಮಾತು ಕೊಡುವ ಬುಗ್ಗಮ್ಮ

ಮಕ್ತಲದ ಪೇಟೆಯಂಚಿನ ಎರಡು ಕೋಣೆಯ ಸರ್ಕಾರಿ ದವಾಖಾನೆ. ಬೆಳಕು ಈಗಷ್ಟೇ ಹರಿಯುತ್ತಿದೆ. ಬುಗ್ಗಮ್ಮ ಅಂಗಳ ಗುಡಿಸಿ, ಹನ್ನೆರಡು ಕೊಡ ನೀರು ಹೊತ್ತು ಹಂಡೆ ತುಂಬಿಸಿ, ಔಷಧದ ಸೀಸೆಗಳನ್ನು ಬಿಸಿನೀರಿನಲ್ಲಿ ತೊಳೆದು ಬೋರಲು ಹಾಕಿದ್ದಾರೆ. ಬೇವಿನ ಮರದ ಕೆಳಗೆ ಆಗಲೇ ಹತ್ತು ಹದಿನೈದು ಮಂದಿ ಸೇರಿದ್ದಾರೆ. ಸೆರಗಿಗೆ ಕೈ ಒರೆಸಿಕೊಂಡು ಬುಗ್ಗಮ್ಮ ಅವರ ನಡುವೆ ಕುಕ್ಕರಗಾಲಲ್ಲಿ ಕೂರುತ್ತಾರೆ. ಇನ್ನು ಶುರುವಾಗುವ ಕೆಲಸಕ್ಕೆ ಸರ್ಕಾರದ ದಫ್ತರದಲ್ಲಿ ಹೆಸರಿಲ್ಲ.

ದಫ್ತರದ ಪ್ರಕಾರ ಅವರು ಕಸ ಗುಡಿಸುವ ಆಳು. ಆದರೆ ಹೈದರಾಬಾದಿನಿಂದ ಬಂದಿರುವ ಡಾಕ್ಟರ್ ಸಾಹೇಬರಿಗೆ ಉರ್ದು ಬಿಟ್ಟು ಬೇರೆ ಮಾತು ಬಾರದು. ಬರುವವರಲ್ಲಿ ಅರ್ಧ ಮಂದಿ ಕನ್ನಡದವರು, ಅರ್ಧ ಮಂದಿ ತೆಲುಗಿನವರು. ದಿನಕ್ಕೆ ಅರವತ್ತು ಜನ ಬಂದರೆ ಅವರಲ್ಲಿ ಇಪ್ಪತ್ತು ಮಂದಿ ಹೇಳುವುದು ಹೊಟ್ಟೆನೋವು ಎಂಬ ಒಂದೇ ಮಾತು.

“ಹೊಟ್ಟಿ ಅಂದ್ರ ಒಂದು ಊರಿದ್ದಂಗ್ರಿ,” ಎನ್ನುತ್ತಾರೆ ಬುಗ್ಗಮ್ಮ. “ಆ ಊರಾಗ ಯಾರ ಮನಿ ಅಂತ ಕೇಳಬೇಕಲ್ರಿ.”

ಅವರು ಕೇಳುತ್ತಾರೆ. ಎದೆಗೂಡಿನ ಕೆಳಗಿನ ತಗ್ಗಿನಲ್ಲಿ ಉರಿಯುತ್ತಿದ್ದರೂ ಜನ ಎದೆ ಉರಿ ಅನ್ನುತ್ತಾರೆ; ಅದನ್ನು ಸಾಹೇಬರಿಗೆ ಮೇದಾ, ಅಂದರೆ ಜಠರ, ಎಂದು ಹೇಳಬೇಕು. ಕನ್ನಡದವರ ಹೊಕ್ಕುಳ, ತೆಲುಗಿನವರ ಬೊಡ್ಡು, ಎರಡೂ ಸಾಹೇಬರ ಮುಂದೆ ನಾಫ್. ಕಿಬ್ಬೊಟ್ಟೆಗೆ ಸಾಹೇಬರು ಪೇಡೂ ಅನ್ನುತ್ತಾರೆ, ತೆಲುಗಿನ ಹೆಂಗಸರು ಪೊತ್ತಿಕಡುಪು ಅನ್ನುತ್ತಾರೆ. ನಡ, ಅಂದರೆ ಸೊಂಟ, ಅಂದವರಿಗೆ ನೋಯುವುದು ಕೆಲವೊಮ್ಮೆ ಬೆನ್ನು, ಕೆಲವೊಮ್ಮೆ ಪಕ್ಕೆ. ಗಂಡಸು ಡಾಕ್ಟರರ ಎದುರು ತಮ್ಮ ಹೊಟ್ಟೆ ಮುಟ್ಟಿಕೊಳ್ಳಲೂ ನಾಚುವ ಹೆಣ್ಣುಮಕ್ಕಳು ಬುಗ್ಗಮ್ಮನ ಹೊಟ್ಟೆಯ ಮೇಲೆ ಬೆರಳಿಟ್ಟು ತೋರಿಸುತ್ತಾರೆ. ಬುಗ್ಗಮ್ಮ ಆ ಜಾಗ ನೆನಪಿಟ್ಟುಕೊಂಡು ಒಳಗೆ ಹೋಗಿ ಹೇಳುತ್ತಾರೆ.

ಮಾಗನೂರಿನಲ್ಲಿ ಹುಟ್ಟಿದ ಬುಗ್ಗಮ್ಮ ಚಿಕ್ಕಂದಿನಲ್ಲೇ ಗದ್ವಾಲದ ಕಚೇರಿಯ ಪೇಶ್ಕಾರರೊಬ್ಬರ ಮನೆಯ ಕೆಲಸಕ್ಕೆ ಸೇರಿದವರು. ಉರ್ದು ಬಂದದ್ದು ಆ ಮನೆಯ ಅಡಿಗೆಕೋಣೆಯಲ್ಲಿ. ತಾಯಿ ಕುರುಮಮ್ಮ ಸೂಲಗಿತ್ತಿ. ಬಟ್ಟಿ ಜಾರಿತು, ಅಂದರೆ ಹೊಕ್ಕುಳ ಜಾಗ ತಪ್ಪಿತು, ಎಂದು ಬಂದವರ ಹೊಕ್ಕುಳ ಸುತ್ತ ಎಣ್ಣೆ ಹಚ್ಚಿ ನೀವಿ ಸರಿಮಾಡುವುದರಲ್ಲಿ ಸುತ್ತಲಿನ ಊರುಗಳಿಗೆಲ್ಲ ಹೆಸರಾದವಳು.

ಬುಗ್ಗಮ್ಮನಿಗೆ ಇಪ್ಪತ್ತೆರಡಾಗಿದ್ದಾಗ ಗಂಡ ನಾಗಯ್ಯನಿಗೆ ಹೊಟ್ಟೆ ನೋವು ಬಂತು. ಮೊದಲು ಹೊಕ್ಕುಳ ಸುತ್ತ ಹಿಡಿದು, ಮರುದಿನ ಬಲಗಡೆ ಕೆಳಗಿಳಿಯಿತು. ಬಟ್ಟಿ ಜಾರಿದೆ ಎಂದು ಕುರುಮಮ್ಮ ಅಳಿಯನ ಹೊಟ್ಟೆ ನೀವಿ, ಹರಳೆಣ್ಣೆ ಕುಡಿಸಿದಳು. ಮೂರನೆಯ ದಿನ ನಾಗಯ್ಯ ತೀರಿಕೊಂಡ. ಆಮೇಲೆ ಕುರುಮಮ್ಮ ಬದುಕಿದ್ದು ಹನ್ನೊಂದು ವರ್ಷ. ಯಾರ ಹೊಟ್ಟೆಯನ್ನೂ ಮುಟ್ಟಲಿಲ್ಲ.

ಹೊಟ್ಟೆಪಾಡಿಗೆ ಬುಗ್ಗಮ್ಮ ದವಾಖಾನೆಯ ಕಸಬರಿಗೆ ಹಿಡಿದರು. ಎಷ್ಟೋ ವರ್ಷಗಳ ನಂತರ ಸಾಹೇಬರು ಒಬ್ಬ ರೋಗಿಯ ಕಡೆಯವರಿಗೆ ತಿಳಿಸಿ ಹೇಳುತ್ತಿದ್ದರು: ದೊಡ್ಡ ಕರುಳಿಗೆ ಬೆರಳಿನಷ್ಟು ಒಂದು ಬಾಲವಿದೆ, ಅದು ಬಾತರೆ ನೋವು ಹೊಕ್ಕುಳಲ್ಲಿ ಹುಟ್ಟಿ ಬಲಕ್ಕೆ ಇಳಿಯುತ್ತದೆ, ಆಗ ಹರಳೆಣ್ಣೆಯಂಥ ಜುಲಾಬು ಕೊಟ್ಟರೆ ಅದು ಒಳಗೇ ಒಡೆಯಬಹುದು. ಆ ಮಾತನ್ನು ಕನ್ನಡಕ್ಕೆ ತಿರುಗಿಸುತ್ತಿದ್ದ ಬುಗ್ಗಮ್ಮ ಅರ್ಧಕ್ಕೇ ನಿಲ್ಲಿಸಿಬಿಟ್ಟರು. ಏನಾಯಿತೆಂದು ಸಾಹೇಬರು ಕೇಳಿದರು. ಬುಗ್ಗಮ್ಮ ಉಳಿದದ್ದನ್ನು ಮುಗಿಸಿದರು.

“ಅವ್ವ ಅಷ್ಟೊತ್ತಿಗೆ ತೀರಿದ್ಳು,” ಎನ್ನುತ್ತಾರೆ. “ಇದ್ದಿದ್ದರೂ ನಾ ಹೇಳ್ತಿದ್ದಿಲ್ರಿ. ಆಕಿ ಕೈಲಿ ಆದದ್ದು ಆಕಿಗೆ ಮೊದಲೇ ತಿಳಿದಿತ್ತು.”

ಕಳೆದ ಶೇಂಗಾ ಸುಗ್ಗಿಯಲ್ಲಿ, ದವಾಖಾನೆ ಕಿಕ್ಕಿರಿದಿದ್ದ ಒಂದು ಬೆಳಿಗ್ಗೆ, ಎಂಕಪ್ಪ ಎಂಬ ನಾರಾಯಣಪೇಟೆಯ ನೇಕಾರನನ್ನು ಅವನ ಮಾವ ಗಾಡಿಯಲ್ಲಿ ಹಾಕಿಕೊಂಡು ಬಂದ. ಮಾವನಿಗೆ ಒಂದಿಷ್ಟು ಉರ್ದು ಬರುತ್ತಿತ್ತು. ಅಳಿಯ ಮದುವೆಮನೆಯಲ್ಲಿ ಹೆಚ್ಚಾಗಿ ಉಂಡಿದ್ದಾನೆ, ಎರಡು ದಿನದಿಂದ ಹೊಟ್ಟೆ ಕಟ್ಟಿದೆ ಎಂದು ತಾನೇ ಸಾಹೇಬರಿಗೆ ಹೇಳಿದ. ಸಾಹೇಬರು ಹರಳೆಣ್ಣೆ ಕೊಡಲು ಹೇಳಿ ಮುಂದಿನವರತ್ತ ತಿರುಗಿದರು. ಎಣ್ಣೆಯ ಬಟ್ಟಲು ಬಂದದ್ದು ಬುಗ್ಗಮ್ಮನ ಕೈಗೆ.

ಎಂಕಪ್ಪ ಬಲಗಾಲು ಮಡಚಿಕೊಂಡು ಮಗ್ಗುಲಾಗಿ ಮಲಗಿದ್ದ. ಬುಗ್ಗಮ್ಮ ಬಟ್ಟಲನ್ನು ನೆಲಕ್ಕಿಟ್ಟು ಎಲ್ಲಿ ನೋವು ಎಂದು ಕೇಳಿದರು. ಹೊಟ್ಟಿ ಎಂದ. ಮೊದಲು ಎಲ್ಲಿ ಹಿಡಿಯಿತು ಎಂದು ಮತ್ತೆ ಕೇಳಿದರು. ಅವನು ಹೊಕ್ಕುಳ ತೋರಿಸಿದ. ಈಗ ಎಲ್ಲಿ ಎಂದಾಗ ಅವನ ಕೈ ಬಲಗಡೆ ಕೆಳಗೆ ಸರಿದು, ಮುಟ್ಟದೆ ಗಾಳಿಯಲ್ಲೇ ನಿಂತಿತು.

ಹೊತ್ತಾಯಿತು, ಬೇಗ ಕುಡಿಸು ಎಂದು ಮಾವ ಅವಸರಪಡಿಸಿದ. ಕಸ ಗುಡಿಸುವವಳಿಗೆ ಇದೆಲ್ಲ ಯಾಕೆ ಎಂದೂ ಅಂದ. ಬುಗ್ಗಮ್ಮ ಬಟ್ಟಲನ್ನೆತ್ತಿಕೊಂಡು ಸೀದಾ ಸಾಹೇಬರ ಮೇಜಿನ ಮುಂದೆ ಹೋಗಿ ನಿಂತರು.

“ಜುಲಾಬ್ ನಕ್ಕೋ ಸಾಬ್,” ಎಂದರು. ಜುಲಾಬು ಬೇಡ ಎಂದು ಸರ್ಕಾರದ ಡಾಕ್ಟರರಿಗೆ ಹೇಳಿದ್ದು ಅದೇ ಮೊದಲು. ನೋವು ನಾಫ್‌ನಲ್ಲಿ ಹುಟ್ಟಿ ಬಲಕ್ಕೆ ಇಳಿದಿದೆ ಎಂದೂ ಸೇರಿಸಿದರು.

ಸಾಹೇಬರು ಅವರ ಮುಖವನ್ನೊಮ್ಮೆ, ಬಟ್ಟಲನ್ನೊಮ್ಮೆ ನೋಡಿ ಎದ್ದರು. ಎಂಕಪ್ಪನ ಹೊಟ್ಟೆಯ ಮೇಲೆ ಮೆಲ್ಲಗೆ ಕೈಯಿಟ್ಟು ನೋಡಿದವರೇ ಚೀಟಿ ಬರೆದರು. ಶೇಂಗಾ ತುಂಬಿದ ಲಾರಿಯೊಂದನ್ನು ತಡೆದು ಎಂಕಪ್ಪನನ್ನು ಕೃಷ್ಣಾ ಸ್ಟೇಷನ್ನಿಗೆ ಕಳಿಸಿದರು. ಅಲ್ಲಿಂದ ರೈಲಿನಲ್ಲಿ ಹೊಳೆ ದಾಟಿ ರಾಯಚೂರು. ಸಂಜೆಯೊಳಗೆ ಅಲ್ಲಿ ಆಪರೇಷನ್ ಆಯಿತು.

ಮುಂದಿನ ಇಪ್ಪತ್ತು ದಿನ ಸುದ್ದಿಯಿಲ್ಲ. ಬುಗ್ಗಮ್ಮನಿಗೆ ಊಟ ಸೇರುತ್ತಿರಲಿಲ್ಲ. ತಾನು ತಪ್ಪು ಹೇಳಿ ಆ ಮನುಷ್ಯನನ್ನು ಕತ್ತಿಯ ಕೆಳಗೆ ಕಳಿಸಿದೆನೇನೋ ಎಂಬ ಅಂಜಿಕೆ. ಇಪ್ಪತ್ತೊಂದನೆಯ ದಿನ ಎಂಕಪ್ಪ ತಾನೇ ನಡೆದುಕೊಂಡು ಅಂಗಳಕ್ಕೆ ಬಂದ, ಜೊತೆಗೆ ಹೆಂಡತಿ. ಮಾವನೂ ಬಂದಿದ್ದ, ಬುಗ್ಗಮ್ಮನ ಕೈಯಿಂದ ಕೊಡ ಇಸಿದುಕೊಂಡು ಬಾವಿಯಿಂದ ನೀರು ಸೇದಿ ತಂದ. ಎಂಕಪ್ಪ ಅಂಗಿಯೆತ್ತಿ ಹೊಲಿಗೆಯ ಗುರುತು ತೋರಿಸಿದಾಗ ಬುಗ್ಗಮ್ಮ ಬೇವಿನ ಮರದ ಹಿಂದೆ ಹೋಗಿ ಅತ್ತರು. ನಾಗಯ್ಯ ಸತ್ತ ಮೇಲೆ ಅವರು ಹಾಗೆ ಅತ್ತದ್ದಿಲ್ಲ.

ಅಂದಿನಿಂದ ಸಾಹೇಬರ ಮೇಜಿನ ಮೇಲೆ ಒಂದು ವಹಿ ಇದೆ. ಹೊಟ್ಟೆಗೆ, ನಡಕ್ಕೆ, ಪಕ್ಕೆಗೆ ಈ ಸೀಮೆಯ ಜನ ಹೇಳುವ ಮಾತುಗಳನ್ನು ಬುಗ್ಗಮ್ಮನ ಬಾಯಿಂದ ಕೇಳಿ ಅವರು ಬರೆದಿಟ್ಟುಕೊಳ್ಳುತ್ತಾರೆ. ಈವರೆಗೆ ನಲವತ್ತಮೂರು ಮಾತು. ಬುಗ್ಗಮ್ಮನಿಗೆ ಓದು ಬಾರದು. ಧೂಳು ಒರೆಸುವಾಗ ಆ ವಹಿಯನ್ನು ಮಾತ್ರ ಎರಡೂ ಕೈಯಿಂದ ಎತ್ತುತ್ತಾರೆ.

ವಯಸ್ಸು ಐವತ್ತರ ಹತ್ತಿರ ಬಂದಿದೆ, ಮಂಡಿ ನೋಯುತ್ತದೆ. ಪಗಾರ ಹೆಚ್ಚಲಿ ಎಂದೇನೂ ಅವರು ಕೇಳುವುದಿಲ್ಲ. ಕೇಳುವುದು ಒಂದೇ: ತಮ್ಮ ಜಾಗಕ್ಕೆ ಬರುವವರು ಎಂಥವರಿರಬೇಕು ಎಂಬುದನ್ನು ಯಾರಾದರೂ ಬರೆದಿಡಲಿ.

“ಮೂರು ಭಾಷಿ ಬಂದ್ರ ಚಲೋ. ಬರದಿದ್ರೂ ಕಲಿತಾಳ. ಆದ್ರ ಕೇಳಾಕ ಬ್ಯಾಸರ ಇರಬಾರ್ದ್ರಿ. ಮೊದಲ ಸಲ ಕೇಳಿದ್ರ ಎಲ್ಲಾರೂ ಹೊಟ್ಟಿ ಅಂತಾರ. ಎಲ್ಲಿ ನೋವೈತಿ ಅಂತ ಹೇಳೋದು ಎರಡನೇ ಸಲ ಕೇಳಿದ ಮ್ಯಾಲೆ.”