ಎಕ್ಕದ ಎಲೆಯ ಅಡಿಯಲ್ಲಿ

ಅವರ ಬಲಗೈ ಹೆಬ್ಬೆರಳಿನ ಉಗುರಿನ ಸಂದಿಯಲ್ಲಿ ಎಕ್ಕದ ಹಾಲು ಒಣಗಿ ಕಪ್ಪು ಗೆರೆಯಾಗಿರುತ್ತಿತ್ತು. ಆಸ್ಪತ್ರೆಯಲ್ಲಿ ತೊಳೆದು ತೊಳೆದು ಬಿಳಿಚಿಕೊಂಡಿದ್ದ ಆ ಕೈಯಲ್ಲಿ ಅದೊಂದೇ ಕೊಳೆ. ಅರಸೀಕೆರೆಯಲ್ಲಿ ನಮ್ಮ ಪಕ್ಕದ ಮನೆಯವರು, ಹುಟ್ಟಿದ್ದು ಹಾರನಹಳ್ಳಿಯಲ್ಲಿ. ಅವರು ನಿವೃತ್ತ ನರ್ಸ್, ನಾನು ನಿವೃತ್ತ ಸ್ಟೇಷನ್ ಮಾಸ್ಟರ್. ಇಬ್ಬರೂ ಐದಕ್ಕೆ ಏಳುವವರು. ಆರಕ್ಕೆ ಕಾಂಪೌಂಡಿನ ಅತ್ತ ಇತ್ತ ನಿಂತು ಎರಡು ಮಾತು, ಅಷ್ಟೆ.

ಅವರ ಗೇಟಿನ ಬಳಿಯ ಎಕ್ಕದ ಗಿಡ ನನ್ನ ಕಣ್ಣಿಗೆ ಬರೀ ಕಳೆ. ರಥಸಪ್ತಮಿಗೆ ಮಾತ್ರ ಬೇಕು: ತಲೆ, ಭುಜ, ಮಂಡಿ, ಪಾದಗಳ ಮೇಲೆ ಏಳು ಎಲೆ ಇಟ್ಟುಕೊಂಡು ಮೀಯುವುದು ನಮ್ಮ ಮನೆಯ ರೂಢಿ. ಒಂದು ವರ್ಷ, ಹಬ್ಬದ ಎಲೆಗೆ ಕೇಳುವುದೇನು ಎಂದುಕೊಂಡು ನನಗೆ ಏಳು, ಹೆಂಡತಿಗೆ ಏಳು ಕಿತ್ತು ತಂದೆ. ನನ್ನ ಸ್ನಾನ ಮುಗಿಯುವಷ್ಟರಲ್ಲಿ ಅವರು ಬಾಗಿಲಲ್ಲಿದ್ದರು.

“ಎಲೆ ಎಲ್ಲಿ ಮಾಸ್ಟ್ರೇ?”

ಒದ್ದೆ ಎಲೆಗಳನ್ನು ತಂದೆ. ಒಂದೊಂದನ್ನೇ ತಿರುವಿದರು. ಎರಡರ ಅಡಿಯಲ್ಲಿ ಸಾಸಿವೆಗಿಂತ ಸಣ್ಣ ಬಿಳಿ ಚುಕ್ಕೆ. ಚಿಟ್ಟೆಯ ಮೊಟ್ಟೆಗಳು, ಬಿಸಿನೀರಿಗೆ ಬೆಂದಿದ್ದವು.

“ಏಳು ಜನ್ಮದ ಪಾಪ ತೊಳ್ಕೊಳ್ಳೋಕೆ ಹೋಗಿ ಎರಡು ಹೊಸದು ಸೇರಿಸ್ಕೊಂಡ್ರಲ್ಲ.”

ಹೆಂಡತಿ ನಕ್ಕಳು. ನನಗೆ ನಗು ಬರಲಿಲ್ಲ. ಅವಳಿಗೆಂದು ಇಟ್ಟಿದ್ದ ಎಲೆಗಳಲ್ಲಿ ಇನ್ನೊಂದು ಮೊಟ್ಟೆ ಸಿಕ್ಕಿತು, ಅದಕ್ಕೆ ಜೀವವಿತ್ತು. “ಮರಿ ಬಂದ್ರೆ ನಮ್ಮ ದಾಸವಾಳದ ಮೇಲೆ ಬಿಡೋಣ,” ಎಂದೆ.

“ಹಸ್ಕೊಂಡು ಸಾಯ್ತದೆ ಕಣ್ರೀ. ತಿನ್ನಬಾರದು ಅಂತ ಈ ಗಿಡ ಹಾಲಲ್ಲಿ ವಿಷ ಇಟ್ಕೊಂತು. ಹುಳ ಆ ವಿಷಾನೇ ಅರಗಿಸ್ಕೊಳ್ಳೋದು ಕಲೀತು, ಮೈಯಾಗೆ ಇಟ್ಕೊಂಡು ಹಕ್ಕೀನೂ ದೂರ ಇಡ್ತು. ಗಿಡದ ಹಾಲು ಅಂಟಾಯ್ತು. ಹುಳ ಮೊದ್ಲು ಎಲೆಯ ನರ ಕಡಿದು, ಹಾಲು ಇಳಿಸಿ, ಆಮೇಲೆ ತಿನ್ನೋದು ಕಲೀತು. ಎಷ್ಟು ಸಾವಿರ ತಲೆಮಾರಿಂದ ಹಿಂಗೇ ಒಂದನ್ನೊಂದು ತಿದ್ಕೊಂಡು ಬಂದವೆ. ಈಗ ಬೇರೆ ಮನೆ ಊಟ ಸೇರ್ತದಾ?”

ಓದಿದ್ದನ್ನು ಗಿಡದ ಮುಂದೆ ನಿಂತು ನೋಡುವ ತನಕ ಅವರು ನಂಬುತ್ತಿರಲಿಲ್ಲ. ಮೊಟ್ಟೆಯ ಎಲೆಯನ್ನು ಗಾಯದ ಪ್ಲಾಸ್ಟರಿನಿಂದ ಗಿಡದ ಎಲೆಗೆ ಅಂಟಿಸಿ, “ಇದು ನಿಮ್ಮ ಡ್ಯೂಟಿ,” ಎಂದರು. ದಿನಾ ಆರಕ್ಕೆ ಹೋಗಿ ನೋಡಿದೆ. ಮರಿ ಬಂತು. ದೊಡ್ಡದಾದ ಮೇಲೆ ನರ ಕಡಿಯಿತು, ಹಾಲು ತೊಟ್ಟಿಕ್ಕಿತು, ಆಮೇಲೆ ತಿಂದಿತು. ಕಿತ್ತಳೆ ಬಣ್ಣದ ಚಿಟ್ಟೆಯಾಗಿ ಹಾರಿಯೂ ಹೋಯಿತು. ಡ್ಯೂಟಿ ನಿಲ್ಲಲಿಲ್ಲ.

ಕಳೆದ ಮಳೆಗಾಲದಲ್ಲಿ ಅವರನ್ನು ಹಾಸನದ ಆಸ್ಪತ್ರೆಗೆ ಸೇರಿಸಿದರು. ನೋಡಲು ಹೋದೆ.

“ಗಿಡದ ಮೇಲೆ ಎಷ್ಟು ಹುಳ ಅವೆ?”

“ಹನ್ನೊಂದು. ಎಲೆ ಸಾಲೋ ಹಾಗಿಲ್ಲ.”

“ಮತ್ತೆ ಇಲ್ಲೇನು ಮಾಡ್ತಿದ್ದೀರಿ? ಸ್ಟೇಷನ್ ಹಿಂದೆ ಎಕ್ಕ ಐತಲ್ಲ, ಸಾಗ್ಸಿ ಹೋಗಿ.”

ಮುಂದಿನ ರೈಲಿಗೇ ವಾಪಸು ಬಂದೆ. ಆರು ಹುಳುಗಳನ್ನು ಎಲೆಯ ಸಮೇತ ಡಬ್ಬಿಯಲ್ಲಿ ಒಯ್ದು ಅಲ್ಲಿಯ ಗಿಡಕ್ಕೆ ಬಿಟ್ಟೆ. ಮಾರನೆಯ ಬೆಳಿಗ್ಗೆ ಆರೂ ತಿನ್ನುತ್ತಿದ್ದವು. ಅದನ್ನು ಹೇಳಲು ಹಾಸನಕ್ಕೆ ಹೋದೆ. ಹಾಸಿಗೆ ಖಾಲಿಯಿತ್ತು. ನಸುಕಿನಲ್ಲೇ ಹೋದರಂತೆ.

ಹಾಸಿಗೆಯ ಬಟ್ಟೆ ಬದಲಿಸುತ್ತಿದ್ದ ಹುಡುಗಿಗೆ, “ಆರೂ ತಿನ್ತಾ ಇವೆ ಅಂತ ಅವರಿಗೆ ಹೇಳೋದಿತ್ತು,” ಎಂದೆ.

“ಏನು ಸಾರ್ ತಿನ್ತಾ ಇರೋದು?”

ಮೊದಲಿನಿಂದ ಹೇಳಿದೆ. ಕೆಲಸ ನಿಲ್ಲಿಸಿ ಕೇಳಿದಳು.